ಸ್ಕಾರ್ಪಿಯೋಗೆ ಮನೆಯಲ್ಲೇ ಎಕ್ಸ್‌ಟ್ರಾ ಲೈಟ್ ಹಾಕಿಕೊಳ್ಳಬಹುದೇ?

ಗಂಗಾವತಿಯಿಂದ ರಾಯಚೂರಿಗೆ ರಾತ್ರಿ ಓಡಾಟ, ಹೆಡ್‌ಲೈಟ್ ಸಾಲುತ್ತಿಲ್ಲ, ಟಾಪ್ ಮೇಲೆ ಎಲ್‌ಇಡಿ ಬಾರ್ ಕೂರಿಸಿ ಬ್ಯಾಟರಿಯಿಂದ ನೇರ ಸ್ವಿಚ್‌ಗೆ ವೈರ್ ಎಳೆಯಲೇ ಅಂತ ಕೇಳಿದ್ದೀರಿ. ಲೈಟನ್ನು ಮನೆಯಲ್ಲೇ ಹಾಕಬಹುದು. ಆದರೆ ಟಾಪ್ ಮೇಲೆ ಬೇಡ, ನೇರ ಸ್ವಿಚ್‌ಗೂ ಬೇಡ.

ನಾನಿರೋದು ಸಿಂಧನೂರಿನಲ್ಲಿ, ನಿಮ್ಮ ರಸ್ತೆಯೇ ನನ್ನ ರಸ್ತೆ. ಭತ್ತದ ಕೊಯ್ಲಿನ ಹೊತ್ತಿಗೆ ಕಾರಟಗಿ ದಾಟಿದ ಮೇಲೆ ಏನೇನು ಎದುರಾಗುತ್ತದೆ ಅಂತ ನಿಮಗೇ ಗೊತ್ತು: ರಿಫ್ಲೆಕ್ಟರ್ ಇಲ್ಲದ ಟ್ರಾಲಿ, ಹುಲ್ಲು ಹೇರಿದ ಟ್ರ್ಯಾಕ್ಟರ್, ಕಟಾವು ಮಷಿನ್, ಕುರಿ ಹಿಂಡು. ಇವೆಲ್ಲ ಸಿಗೋದು ರಸ್ತೆಯ ಎಡ ಅಂಚಿನಲ್ಲಿ. ಅದಕ್ಕೇ ಸೂಜಿಯಂತೆ ದೂರಕ್ಕೆ ಚುಚ್ಚುವ ಸ್ಪಾಟ್ ಬೇಡ, ಅಂಚಿನವರೆಗೂ ಹರಡುವ ಡ್ರೈವಿಂಗ್ ಬೀಮ್ ತಗೊಳ್ಳಿ. ಸ್ಪಾಟ್‌ಲೈಟ್, ಸರ್ಚ್‌ಲೈಟ್‌ಗಳನ್ನು ಅನುಮತಿ ಇಲ್ಲದೆ ಮುಂದೆ ಹಾಕುವಂತಿಲ್ಲ ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮವೇ ಹೇಳುತ್ತದೆ. ಬುಲ್‌ಬಾರ್ (ಬಂಪರ್ ಮುಂದೆ ಕೂರಿಸುವ ಕಬ್ಬಿಣದ ಕಂಬಿ) ಹಾಕಿ ಅದಕ್ಕೆ ಕಟ್ಟುವ ಯೋಚನೆಯೂ ಬಿಡಿ, ಅದನ್ನು 2017ರಲ್ಲೇ ನಿಷೇಧಿಸಿದ್ದಾರೆ. ಖರೀದಿಗೆ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿಕೊಂಡರೆ ನೆಮ್ಮದಿ.

ದುಡ್ಡು ಹಾಕುವ ಮೊದಲು ಈಗಿರುವ ಹೆಡ್‌ಲೈಟನ್ನೇ ನೋಡಿ. ಗ್ಲಾಸ್ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ. ಹ್ಯಾಲೊಜೆನ್ ಬಲ್ಬ್ ಆಗಿದ್ದರೆ ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಮಲ್ಟಿಮೀಟರ್‌ನಲ್ಲಿ ಬ್ಯಾಟರಿ ಮೇಲೂ ಬಲ್ಬಿನ ಕಪ್ಲರ್‌ನಲ್ಲೂ (ಬಲ್ಬಿಗೆ ಸಿಕ್ಕಿಸುವ ಪ್ಲಗ್) ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ 13.8 ಇದ್ದು ಬಲ್ಬಿಗೆ 12.4 ಮಾತ್ರ ಬರುತ್ತಿದ್ದರೆ ಸುಮಾರು ಶೇ 30ರಷ್ಟು ಬೆಳಕು ದಾರಿಯಲ್ಲೇ ಸೋರಿಹೋಗಿದೆ ಅಂತ ಅರ್ಥ. ರಿಲೇ ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬ್ಯಾಟರಿಯ ದೊಡ್ಡ ಕರೆಂಟನ್ನು ನೇರ ಲೈಟಿಗೆ ಬಿಡುವ ಪುಟ್ಟ ಡಬ್ಬಿ. ಅದಿರುವ ಒಂದು ವೈರಿಂಗ್ ಸೆಟ್, ಅಂದರೆ ರಿಲೇ ಹಾರ್ನೆಸ್, ಹಾಕಿದರೆ ಆ ಬೆಳಕು ವಾಪಸ್ ಬರುತ್ತದೆ. ಎಷ್ಟೋ ಗಾಡಿಗಳಿಗೆ ಇಷ್ಟೇ ಸಾಕು.

ಆದರೂ ಬೇಕು ಅನಿಸಿದರೆ ಬಂಪರ್ ಮಟ್ಟದಲ್ಲಿ, ಗಟ್ಟಿ ಬ್ರಾಕೆಟ್ ಮೇಲೆ ಎರಡು ಲೈಟ್ ಸಾಕು. ರೇಡಿಯೇಟರಿಗೆ ಗಾಳಿ ಹೋಗುವ ಜಾಗಕ್ಕೆ ಅಡ್ಡ ಬರಬಾರದು, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಅದು ಸಣ್ಣ ವಿಷಯವಲ್ಲ. ಟಾಪ್ ಮೇಲೆ ಬೇಡ ಅಂದಿದ್ದಕ್ಕೆ ಎದುರಿನವರ ಕಣ್ಣಷ್ಟೇ ಕಾರಣ ಅಲ್ಲ. ಅಲ್ಲಿಂದ ಬೀಳುವ ಬೆಳಕು ಬಾನೆಟ್‌ಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ, ಧೂಳಿದ್ದರೆ ಮುಂದೆ ಬಿಳಿ ಗೋಡೆ ನಿಂತುಬಿಡುತ್ತದೆ.

ಇನ್ನು ವೈರಿಂಗ್, ಇದರಲ್ಲಿ ಅವಸರ ಬೇಡ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ನಾಲ್ಕು ಪಿನ್ನಿನ ರಿಲೇ ತಗೊಳ್ಳಿ. ಪಿನ್‌ಗಳ ಪಕ್ಕ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿಯ ಪಾಸಿಟಿವ್, ನಡುವೆ ಫ್ಯೂಸ್. ಆ ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೇ ಇರಬೇಕು, ಯಾಕೆಂದರೆ ಅದು ಕಾಯೋದು ಲೈಟನ್ನಲ್ಲ, ವೈರನ್ನು. ವೈರ್ ಉಜ್ಜಿ ಗಾಡಿಯ ಲೋಹದ ಮೈಗೆ ತಾಗಿದರೆ ಫ್ಯೂಸಿಗೂ ಬ್ಯಾಟರಿಗೂ ಮಧ್ಯದ ತುಂಡಿಗೆ ಯಾವ ರಕ್ಷಣೆಯೂ ಇಲ್ಲ, ಬೆಂಕಿ ಹತ್ತೋದು ಅಲ್ಲೇ. 87ರಿಂದ ಲೈಟುಗಳಿಗೆ, 85 ಅರ್ಥಿಂಗ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ. 55 ವ್ಯಾಟ್‌ನ ಎರಡು ಹ್ಯಾಲೊಜೆನ್ ಅಂದರೆ 9 ಆಂಪಿಯರ್ ಮೇಲೆ: 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, 15 ಆಂಪಿಯರ್ ಫ್ಯೂಸ್. 20 ವ್ಯಾಟ್‌ನ ಎರಡು ಎಲ್‌ಇಡಿಗಳಾದರೆ 1.5ರ ವೈರ್, 7.5ರ ಫ್ಯೂಸ್ ಸಾಕು.

ರಿಲೇಯನ್ನು ಆನ್ ಮಾಡೋದು 86ನೇ ಪಿನ್, ಅದಕ್ಕೆ ಏನು ಕೊಡುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. ದಯವಿಟ್ಟು ಹೈ ಬೀಮ್‌ನಿಂದಲೇ ಕೊಡಿ, ಸ್ವಿಚ್ ಅದರ ನಡುವೆ ಬರಲಿ. ಆಗ ನೀವು ಡಿಪ್ ಮಾಡಿದ ಕ್ಷಣವೇ ಈ ಲೈಟೂ ಆರುತ್ತದೆ. ಬೇರೆ ಸ್ವಿಚ್ ಇದ್ದರೆ ಎದುರಿಗೆ ಬೈಕ್ ಬಂದಾಗ ಅದನ್ನು ಹುಡುಕುವಷ್ಟು ಹೊತ್ತು ಯಾರಿಗೂ ಸಿಗಲ್ಲ. ಆ ಬೈಕಿನವನಿಗೆ ಕಣ್ಣು ಕತ್ತಲಾಗಿ ಕಾಲುವೆಗೆ ಇಳಿದರೆ ನಿಮಗೆ ತಿಳಿಯೋದೂ ಇಲ್ಲ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ ಅರ್ಥಿಂಗ್ ಕಡೆ ಇರುತ್ತದೆ, ಹಾಗಾಗಿ ಹೈ ಬೀಮ್ ಹಾಕಿದಾಗ ಮಾತ್ರ 12 ವೋಲ್ಟ್ ಬರುವ ವೈರ್ ಯಾವುದು ಅಂತ ನೆಗೆಟಿವ್ ಬಿಚ್ಚುವ ಮೊದಲೇ ಮೀಟರ್‌ನಲ್ಲಿ ನೋಡಿ, ಬಣ್ಣ ನಂಬಬೇಡಿ. ವಾರಂಟಿ ಇನ್ನೂ ಇದ್ದರೆ ಕಂಪನಿಯ ವೈರನ್ನು ಕತ್ತರಿಸಲೇಬೇಡಿ, ಫ್ಯೂಸ್ ಬಾಕ್ಸ್‌ನಲ್ಲೇ ಕೂತು ಹೊಸ ವೈರಿಗೆ ಕವಲು ಕೊಡುವ ಆ್ಯಡ್-ಎ-ಫ್ಯೂಸ್ ಸಿಗುತ್ತದೆ.

ಗುರಿ ಹೊಂದಿಸಲು ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ. ಲೈಟಿನ ಎತ್ತರಕ್ಕೆ ಗೋಡೆ ಮೇಲೆ ಸುಣ್ಣದ ಗೆರೆ ಎಳೆದು, ಬೆಳಕಿನ ನಡುಭಾಗ ಆ ಗೆರೆಗಿಂತ ಮೇಲೆ ಹೋಗದಂತೆ ಬಿಗಿ ಮಾಡಿ. ದಿನಾ ಮೂಟೆ ಹೇರುವವರಾದರೆ ಮೂಟೆ ಹೇರಿಯೇ ನೋಡಿ, ಹಿಂಬದಿ ಕುಸಿದಾಗ ಮೂತಿ ಎತ್ತುತ್ತದೆ.

ಒಂದು ಮಾತು ಮನಸ್ಸಿನಲ್ಲಿರಲಿ. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಂಡು, ಬ್ರೇಕ್ ಒತ್ತಿ, ನಿಲ್ಲೋಕೆ ಒಣ ರಸ್ತೆಯಲ್ಲೂ 70 ಮೀಟರ್ ಹತ್ತಿರ ಬೇಕು. ಡಿಪ್‌ನಲ್ಲಿ ಅಷ್ಟು ದೂರ ಕಾಣಲ್ಲ, ಆಗ ಎಕ್ಸ್‌ಟ್ರಾ ಲೈಟೂ ಆರಿರುತ್ತದೆ. ಎದುರು ಗಾಡಿ ಬಂದಾಗ 50ಕ್ಕೆ ಇಳಿಯಿರಿ.

ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಉರಿಸಿ, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಕೈಗೆ ಸುಡುತ್ತಿದ್ದರೆ ಕ್ರಿಂಪ್ (ವೈರ್ ತುದಿಯನ್ನು ಒತ್ತಿ ಬಿಗಿದ ಜೋಡಣೆ) ಸಡಿಲ ಇದೆ, ಬಿಚ್ಚಿ ಮತ್ತೆ ಹಾಕಿ.