ಬೆಳಕು ಬಿದ್ದ ಮೇಲೆ ಪಿಎಚ್ ಯಾಕೆ ಅಲ್ಲೇ ನಿಂತುಬಿಡುತ್ತದೆ?

ಲೈಪೋಸೋಮ್‌ಗೆ (ಲಿಪಿಡ್ ಅಂದರೆ ಕೊಬ್ಬಿನ ಪೊರೆಯ ಪುಟ್ಟ ಗುಳ್ಳೆ) ಬ್ಯಾಕ್ಟೀರಿಯೋರೊಡಾಪ್ಸಿನ್ (ಬೆಳಕಿನ ಬಲದಿಂದ ಪ್ರೋಟಾನ್ ಪಂಪ್ ಮಾಡುವ ಪ್ರೋಟೀನ್) ಸೇರಿಸಿ ಬೆಳಕು ಹಾಯಿಸಿದರೆ ಹೊರಗಿನ ದ್ರಾವಣದ ಪಿಎಚ್ ಸ್ವಲ್ಪ ಏರಿ ನಿಂತುಬಿಡುತ್ತದೆ, ಪ್ರೋಟೀನ್ ಹಾಳಾಗಿದೆಯಾ ಅಂತ ಕೇಳಿದ್ದೀರಿ. ಹಾಳಾಗಿರಲಿಕ್ಕಿಲ್ಲ. ಹಾಳಾಗಿದ್ದರೆ ಆ ಸ್ವಲ್ಪವೂ ಏರುತ್ತಿರಲಿಲ್ಲ ಅಲ್ವಾ?

ಈ ಪ್ರೋಟೀನ್ ಲೈಪೋಸೋಮ್‌ನಲ್ಲಿ ಹೆಚ್ಚಾಗಿ ತಲೆಕೆಳಗಾಗಿ ಕೂರುತ್ತದೆ. ಜೀವಕೋಶದಲ್ಲಿ ಪ್ರೋಟಾನನ್ನು ಹೊರಗೆ ತಳ್ಳುವುದು ಇಲ್ಲಿ ಒಳಗೆ ತಳ್ಳುತ್ತದೆ. ಹೊರಗೆ ಪ್ರೋಟಾನ್ ಕಡಿಮೆಯಾಗುತ್ತದೆ, ಅದಕ್ಕೇ ಹೊರಗಿನ ಪಿಎಚ್ ಏರುವುದು. ಆದರೆ ಒಂದೊಂದು ಪ್ರೋಟಾನ್ ಒಳಗೆ ಹೋದಾಗಲೂ ಒಂದು ಧನ ವಿದ್ಯುದಂಶ ಒಳಗೆ ಸೇರುತ್ತದೆ, ಲಿಪಿಡ್ ಪೊರೆ ಬೇರೆ ಅಯಾನುಗಳನ್ನು ಸುಲಭಕ್ಕೆ ದಾಟಲು ಬಿಡುವುದಿಲ್ಲ, ಹಾಗಾಗಿ ಕೆಲವೇ ಪ್ರೋಟಾನ್ ಹೋಗುವಷ್ಟರಲ್ಲಿ ಪೊರೆಯ ಎರಡು ಕಡೆ ವೋಲ್ಟೇಜ್ ಬೆಳೆದು ಪಂಪಿಗೆ ಎದುರು ಒತ್ತುತ್ತದೆ.

ಒಳಗೂ ಹೊರಗೂ ಪೊಟ್ಯಾಸಿಯಂ ಕ್ಲೋರೈಡ್ ಇರಲಿ, ಚೂರು ವ್ಯಾಲಿನೋಮೈಸಿನ್ ಹಾಕಿ ನೋಡಿ. ಅದು ಪೊಟ್ಯಾಸಿಯಂ ಅನ್ನು ಹೊತ್ತು ಹೊರಗೆ ಸಾಗಿಸುತ್ತದೆ, ವೋಲ್ಟೇಜ್ ಇಳಿಯುತ್ತದೆ, ಪಿಎಚ್ ಇನ್ನೂ ಚೆನ್ನಾಗಿ ಏರಬೇಕು. ಆಮೇಲೆ ಎಫ್‌ಸಿಸಿಪಿ (ಪೊರೆಯ ಮೂಲಕ ಪ್ರೋಟಾನ್ ದಾಟಿಸುವ ರಾಸಾಯನಿಕ) ಹಾಕಿದರೆ ಪ್ರೋಟಾನ್ ಸೋರಿ ಎಲ್ಲ ಕುಸಿಯಬೇಕು. ಎರಡೂ ಹೀಗೇ ಆದರೆ ಪಂಪ್ ಸರಿಯಾಗಿದೆ ಅಂತಲೇ ಲೆಕ್ಕ.

ಬಫರ್ (ಪಿಎಚ್ ಬದಲಾಗದಂತೆ ತಡೆಯುವ ರಾಸಾಯನಿಕ) ತೀರಾ ಕಡಿಮೆ ಇರಲಿ, ಇಲ್ಲದಿದ್ದರೆ ಏರಿಕೆಯನ್ನೆಲ್ಲ ಅದೇ ನುಂಗುತ್ತದೆ. ಪ್ರೋಟೀನ್ ಹಾಕದ ಲೈಪೋಸೋಮ್‌ಗೂ ಅದೇ ದೀಪ ಹಿಡಿಯಿರಿ. ದೀಪದ ಬಿಸಿಗೇ ಪಿಎಚ್ ಅಳೆಯುವ ಎಲೆಕ್ಟ್ರೋಡಿನ ಅಳತೆ ಅಲ್ಲಾಡುವುದುಂಟು.

ಬ್ಯಾಕ್ಟೀರಿಯೋರೊಡಾಪ್ಸಿನ್‌ನಲ್ಲಿ ಕ್ಲೋರೋಫಿಲ್ ಇಲ್ಲ, ಬೆಳಕು ಹೀರಲು ರೆಟಿನಲ್ (ವಿಟಮಿನ್ ಎ ಗುಂಪಿನ ಅಣು) ಇದೆ, ಎಲೆಯ ದ್ಯುತಿಸಂಶ್ಲೇಷಣೆಗೆ ನೇರವಾಗಿ ಹೋಲಿಸಬೇಡಿ. ಆದರೂ 1974ರಲ್ಲಿ ವಿಜ್ಞಾನಿಗಳಾದ ರ‍್ಯಾಕರ್ ಮತ್ತು ಸ್ಟೋಕೇನಿಯಸ್ ಇದನ್ನೇ ದನದ ಹೃದಯದ ಎಟಿಪಿ ಸಿಂಥೇಸ್ (ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುವನ್ನು ಮಾಡುವ ಕಿಣ್ವ) ಜೊತೆ ಲಿಪಿಡ್ ಕೋಶಿಕೆಯಲ್ಲಿ ಕೂರಿಸಿ, ಬರೀ ಬೆಳಕಿನ ಬಲದಿಂದ ಎಟಿಪಿ ಮಾಡಿಸಿದ್ದರು.