ಕ್ಯಾಲ್ಸಿಯಂಗೆ 2, 8, 10 ಏಕೆ ಸರಿಯಲ್ಲ

ಕ್ಯಾಲ್ಸಿಯಂನ 20 ಎಲೆಕ್ಟ್ರಾನ್‌ಗಳನ್ನು ಕವಚಗಳಲ್ಲಿ, ಅಂದರೆ ಪರಮಾಣು ಬೀಜದ ಸುತ್ತಲಿನ ಪದರಗಳಲ್ಲಿ, ಹಂಚುವಾಗ ನೀವು 2, 8, 10 ಎಂದು ಬರೆದಿದ್ದೀರಿ. ಮೂರನೆಯ ಕವಚದಲ್ಲಿ 18 ಎಲೆಕ್ಟ್ರಾನ್ ಹಿಡಿಯುತ್ತವೆ ಎಂಬ ಮಾತನ್ನು, 18 ತುಂಬುವವರೆಗೆ ಮುಂದಿನ ಕವಚಕ್ಕೆ ಹೋಗಬಾರದು ಎಂದು ನೀವು ಅರ್ಥ ಮಾಡಿಕೊಂಡಿರಬೇಕು. ಕ್ಯಾಲ್ಸಿಯಂಗೆ 2, 8, 10 ಬಂದಿರುವುದು ಬಹುಶಃ ಅದರಿಂದಲೇ. 18 ಎಂಬುದು ಗರಿಷ್ಠ ಮಿತಿ ಮಾತ್ರ. ತುಂಬುವ ಕ್ರಮವನ್ನು ನಿರ್ಧರಿಸುವುದು ಶಕ್ತಿಮಟ್ಟ.

ಮೊದಲು ಉಪಕವಚಗಳನ್ನು, ಅಂದರೆ ಕವಚದೊಳಗಿನ ಭಾಗಗಳನ್ನು, ತುಂಬುವ ಕ್ರಮದಲ್ಲಿ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ (ಅಂಕಿ ಕವಚವನ್ನು, ಅಕ್ಷರ ಉಪಕವಚವನ್ನು ಸೂಚಿಸುತ್ತದೆ): 1ಎಸ್, 2ಎಸ್, 2ಪಿ, 3ಎಸ್, 3ಪಿ, 4ಎಸ್, 3ಡಿ. 3ಡಿಗಿಂತ 4ಎಸ್ ಮೊದಲು ಬಂದಿರುವುದನ್ನು ಗಮನಿಸಿ, ಗಂಟು ಇರುವುದೇ ಅಲ್ಲಿ. ಎಸ್‌ಗೆ 2, ಪಿಗೆ 6, ಡಿಗೆ 10ರಂತೆ ಎಡದಿಂದ ತುಂಬುತ್ತಾ ಹೋಗಿ. 3ಪಿ ಮುಗಿಯುವಾಗ 18 ಆಗಿರುತ್ತದೆ. ಉಳಿದ ಎರಡು 4ಎಸ್‌ಗೆ ಹೋಗುತ್ತವೆ. ಈಗ ಒಂದೇ ಅಂಕಿಯಿಂದ ಶುರುವಾಗುವವನ್ನು ಕೂಡಿಸಿ: 2, 8, 8, 2.

ತಾಳೆ ನೋಡಲು ಬಂಧವನ್ನೇ ಬಳಸಿ. ಕ್ಯಾಲ್ಸಿಯಂ ಹೊರಗಿನ ಆ ಎರಡು ಎಲೆಕ್ಟ್ರಾನ್‌ಗಳನ್ನು ಆಮ್ಲಜನಕಕ್ಕೆ ಬಿಟ್ಟುಕೊಟ್ಟು ಆರ್ಗಾನ್‌ನ 2, 8, 8 ವಿನ್ಯಾಸವನ್ನು ಪಡೆಯುತ್ತದೆ. ನಿಮ್ಮ ಹತ್ತರ ಲೆಕ್ಕದಲ್ಲಿ ಅದು ಎರಡನ್ನೇ ಏಕೆ ಕೊಡುತ್ತದೆ ಎಂಬುದಕ್ಕೆ ಕಾರಣವೇ ಸಿಗುವುದಿಲ್ಲ.

ಮುಂದೆ 21 ಎಲೆಕ್ಟ್ರಾನ್‌ಗಳಿರುವ ಸ್ಕ್ಯಾಂಡಿಯಂ ಮಾಡಿ ನೋಡಿ, 2, 8, 9, 2 ಬರಬೇಕು. ಕ್ರೋಮಿಯಂ ಮತ್ತು ತಾಮ್ರ ಈ ಕ್ರಮಕ್ಕೆ ಒಗ್ಗುವುದಿಲ್ಲ, ಸದ್ಯಕ್ಕೆ ಅವನ್ನು ಬದಿಗಿಡಿ.