ಓದುಗರ ಪ್ರಶ್ನೆ: ತರಗತಿಗೆ ಬಂದ ಸೂರ್ಯ, ಚಂದ್ರ

ಪ್ರಶ್ನೆ: ಚಂದ್ರನ ಕಲೆಗಳನ್ನು ಬಲ್ಬು, ಚೆಂಡು ಇಟ್ಟು ತೋರಿಸಲು ನೋಡಿದೆ. ನಮ್ಮ ಕೋಣೆ ಪೂರ್ತಿ ಕತ್ತಲಾಗುವುದಿಲ್ಲ. ಹುಣ್ಣಿಮೆ ತೋರಿಸುವಾಗ ಮಕ್ಕಳ ತಲೆಯ ನೆರಳೇ ಚೆಂಡನ್ನು ಮುಚ್ಚುತ್ತದೆ. ಬೇರೆ ದಾರಿ ಇದೆಯೇ?
– ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಬಲ್ಬು ಬಿಡಿ, ಸೂರ್ಯನನ್ನೇ ಬಳಸಿ. ಕ್ಯಾಲೆಂಡರಿನಲ್ಲಿ ಕೃಷ್ಣ ಪಕ್ಷದ ಸಪ್ತಮಿ, ಅಷ್ಟಮಿ, ನವಮಿ ಯಾವತ್ತು ಎಂದು ನೋಡಿಕೊಳ್ಳಿ. ಆ ದಿನಗಳಲ್ಲಿ ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಚಂದ್ರ ಇನ್ನೂ ಪಶ್ಚಿಮದ ಕಡೆ ಕಾಣುತ್ತಿರುತ್ತಾನೆ. ನಿಂಬೆ ಗಾತ್ರದ ಜೇಡಿಮಣ್ಣಿನ ಉಂಡೆಗೆ ಕಡ್ಡಿ ಚುಚ್ಚಿ, ನೆರಳಿನಲ್ಲಿ ಒಣಗಿಸಿ (ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ), ಸುಣ್ಣ ಬಳಿಯಿರಿ. ಮಗು ಬಿಸಿಲಲ್ಲಿ ನಿಂತು, ಕೈ ಚಾಚಿ, ಉಂಡೆಯನ್ನು ಚಂದ್ರನ ಪಕ್ಕಕ್ಕೆ ಬರುವಂತೆ ಹಿಡಿಯಲಿ. ಚಂದ್ರನ ಮೇಲೆ ಬೆಳಕು ಎಷ್ಟಿದೆಯೋ, ಎತ್ತ ವಾಲಿದೆಯೋ, ಉಂಡೆಯ ಮೇಲೂ ಹಾಗೆಯೇ ಕಾಣುತ್ತದೆ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೂರದಲ್ಲಿದ್ದಾನೆ. ಆದ್ದರಿಂದ ಎರಡರ ಮೇಲೂ ಬೆಳಕು ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಬೀಳುತ್ತದೆ.

ಪ್ಲಾಸ್ಟಿಕ್ ಚೆಂಡು ಬೇಡ, ಬರೀ ಹೊಳಪಿನ ಚುಕ್ಕೆ ಕಾಣುತ್ತದೆ. ಥರ್ಮೋಕೋಲ್ ಒಳಗೆ ಬೆಳಕು ಇಳಿಯುವುದರಿಂದ ಕತ್ತಲೆಯ ಅಂಚು ಮಸುಕಾಗುತ್ತದೆ. ಉಂಡೆ ಕಟ್ಟಡದ ನೆರಳಿನಲ್ಲಿದ್ದರಂತೂ ಏನೂ ಕಾಣದು; ಹೆಚ್ಚಿನವರು ಎಡವುವುದು ಇಲ್ಲೇ. ದಶಮಿ, ಏಕಾದಶಿಯವರೆಗೆ ದಿನವೂ ನೋಡಿದರೆ ಕಲೆ ಸಣ್ಣದಾಗುತ್ತಾ ಚಂದ್ರ ಸೂರ್ಯನ ಹತ್ತಿರ ಸರಿಯುವುದು ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಿ, ಮುಂದೆ ಮಕ್ಕಳ ಕಣ್ಣು ಸೂರ್ಯನತ್ತ ಹೋಗುವ ಅಪಾಯವಿದೆ. ಮಧ್ಯಾಹ್ನದ ತರಗತಿಗೆ ಶುಕ್ಲ ಅಷ್ಟಮಿ ಅನುಕೂಲ, ಮೂರೂವರೆಗೆ ಚಂದ್ರ ಪೂರ್ವದ ಕಡೆ ಇರುತ್ತಾನೆ.

ಬಲ್ಬೇ ಬೇಕೆಂದರೆ ಉಂಡೆಯನ್ನು ತಲೆಗಿಂತ ಮೇಲೆ ಹಿಡಿಸಿ. ಮಕ್ಕಳು ತಮ್ಮ ಎಡಕ್ಕೆ ತಿರುಗಬೇಕು. ಬಲಕ್ಕೆ ತಿರುಗಿದರೆ ಹುಣ್ಣಿಮೆಯಾದ ಮೇಲೆ ಶುಕ್ಲ ಪಕ್ಷ ಬರುತ್ತದೆ!

ಪ್ರಶ್ನೆ: ಹುಣ್ಣಿಮೆಯಂದು ಭೂಮಿ ಸೂರ್ಯ, ಚಂದ್ರರ ನಡುವೆ ಇರುವುದಾದರೆ ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಿಲ್ಲ ಎಂದು ಮಕ್ಕಳು ಕೇಳಿದರೆ?
– ಶಿಕ್ಷಕ, ಸಾಗರ

ಉತ್ತರ: ಪುಸ್ತಕದ ಚಿತ್ರದಲ್ಲಿ ಭೂಮಿ, ಚಂದ್ರ ತೀರಾ ಹತ್ತಿರ ಇರುವುದೇ ತೊಡಕು. ಟೇಬಲ್ ಟೆನ್ನಿಸ್ ಚೆಂಡು (4 ಸೆಂ.ಮೀ.) ಭೂಮಿಯಾದರೆ ಚಂದ್ರ 1.1 ಸೆಂ.ಮೀ.ನ ಮಣ್ಣಿನ ಗುಂಡು, ನಡುವಿನ ದೂರ 120 ಸೆಂ.ಮೀ. ಎರಡನ್ನೂ ಒಂದು ಉದ್ದ ಕೋಲಿನ ತುದಿಗಳಿಗೆ ಅಂಟಿಸಿ, ಬಿಸಿಲಿನಲ್ಲಿ ಚೆಂಡಿನ ನೆರಳನ್ನು ಗುಂಡಿನ ಮೇಲೆ ಬೀಳಿಸಲು ಹೇಳಿ. ಎಷ್ಟು ಕಷ್ಟ ಎಂಬುದೇ ಉತ್ತರ. ಚಂದ್ರನ ಪಥ ಭೂಮಿಯ ಪಥಕ್ಕೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಈ ಅಳತೆಯಲ್ಲಿ ಗುಂಡು 10 ಸೆಂ.ಮೀ.ವರೆಗೂ ಮೇಲೆ ಕೆಳಗೆ ಹೋಗುತ್ತದೆ. ಅಲ್ಲಿ ಭೂಮಿಯ ದಟ್ಟ ನೆರಳಿನ ಅಗಲವೋ ಸುಮಾರು 3 ಸೆಂ.ಮೀ. ಅಷ್ಟೇ.

ಪ್ರಶ್ನೆ: ಶೂನ್ಯ ನೆರಳಿನ ದಿನ (ನಡುಹಗಲು ಸೂರ್ಯ ನೆತ್ತಿಯ ಮೇಲೆ ಬಂದು ನೆಟ್ಟಗಿನ ಕೋಲಿಗೆ ನೆರಳೇ ಕಾಣದ ದಿನ) ನಮಗೆ ಬೇಸಿಗೆ ರಜೆ. ಆಗಸ್ಟಿನಲ್ಲಿ ಮೋಡ. ಏನು ಮಾಡುವುದು?
– ವಿಜ್ಞಾನ ಶಿಕ್ಷಕ, ಹಾಸನ

ಉತ್ತರ: ಆ ದಿನಕ್ಕೆ ಇಷ್ಟು ಜೋತುಬೀಳಬೇಕಾಗಿಲ್ಲ. ಬೆಂಗಳೂರು, ಮಂಗಳೂರು, ಹಾಸನದ ಸುತ್ತ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಬರುತ್ತದೆ. ಕಲಿಸಲು ಸೆಪ್ಟೆಂಬರ್ 23 ಇನ್ನೂ ಉತ್ತಮ, ಏಕೆಂದರೆ ಆ ದಿನ ಸೂರ್ಯ ಭೂಮಧ್ಯರೇಖೆಯ ನೇರಕ್ಕೆ ಇರುವುದರಿಂದ ನಡುಹಗಲ ನೆರಳು ನೇರವಾಗಿ ನಿಮ್ಮ ಊರಿನ ಅಕ್ಷಾಂಶವನ್ನೇ ಹೇಳುತ್ತದೆ. ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥದ ಕಾಲದಿಂದಲೂ 12 ಅಂಗುಲದ ಶಂಕು (ನೆರಳು ಅಳೆಯುವ ಕೋಲು) ನೆಟ್ಟು ಮಾಡುತ್ತಿದ್ದ ಅಳತೆ ಇದು.

ಒಂದು ಮೀಟರ್ ಕೋಲನ್ನು ಸಮತಟ್ಟಾದ ನೆಲದಲ್ಲಿ ನೆಟ್ಟು, ದಾರಕ್ಕೆ ಕಲ್ಲು ಕಟ್ಟಿ ಎರಡು ಬದಿಯಿಂದ ನೆಟ್ಟಗಿದೆಯೇ ನೋಡಿ. ಒಂದು ಡಿಗ್ರಿ ವಾಲಿದರೂ ನೆರಳಿನಲ್ಲಿ ಸುಮಾರು 2 ಸೆಂ.ಮೀ. ವ್ಯತ್ಯಾಸವಾಗಬಹುದು. ಹನ್ನೆರಡಕ್ಕೆ ಶುರುಮಾಡಿ 12:40ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಿ. ಅತಿ ಚಿಕ್ಕದೇ ನಿಮಗೆ ಬೇಕಾದದ್ದು. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಪಶ್ಚಿಮಕ್ಕೆ ಒಂದೊಂದು ಡಿಗ್ರಿಗೂ 4 ನಿಮಿಷ ತಡ. ಆದರೆ ಸೆಪ್ಟೆಂಬರ್ ಕೊನೆಯ ವಾರದ ಹೊತ್ತಿಗೆ ಸೂರ್ಯ ಗಡಿಯಾರಕ್ಕಿಂತ ಸುಮಾರು 7 ನಿಮಿಷ ಮುಂದಿರುತ್ತಾನೆ. ಹಾಗಾಗಿ ಅಂದು ನಿಜವಾದ ನಡುಹಗಲು ಬೆಂಗಳೂರಿನಲ್ಲಿ 12:12ರ ಸುಮಾರು, ಮಂಗಳೂರಿನಲ್ಲಿ 12:23ರ ಸುಮಾರು. ನೆರಳು ಬೆಂಗಳೂರು, ಹಾಸನದಲ್ಲಿ ಸುಮಾರು 23 ಸೆಂ.ಮೀ., ಹುಬ್ಬಳ್ಳಿಯಲ್ಲಿ 27.5, ಕಲಬುರಗಿಯಲ್ಲಿ 31 ಬರಬೇಕು. ಗ್ರಾಫ್ ಹಾಳೆಯಲ್ಲಿ ಹತ್ತನೇ ಒಂದು ಅಳತೆಗೆ ತ್ರಿಕೋನ ಬರೆದು, ಮೇಲಿನ ಕೋನವನ್ನು ಕೋನಮಾಪಕದಿಂದ ಅಳೆದರೆ ಅಕ್ಷಾಂಶ ಸಿಗುತ್ತದೆ.

ನೆರಳಿನ ತುದಿ ಒಂದು ಸೆಂ.ಮೀ.ನಷ್ಟು ಮಸುಕಾಗಿರುತ್ತದೆ, ಸೂರ್ಯ ಚುಕ್ಕೆಯಲ್ಲ ಬಿಲ್ಲೆ ತಾನೇ. ಕೋಲಿನ ತುದಿಗೆ 4 ಮಿ.ಮೀ. ತೂತಿನ ರಟ್ಟನ್ನು ಮಲಗಿಸಿ ಅಂಟಿಸಿ, ನೆಲದ ಮೇಲಿನ ಬೆಳಕಿನ ಚುಕ್ಕೆಯ ನಡುವನ್ನು ಗುರುತಿಸಿ. ಆಗ ಅಳೆಯಬೇಕಾದದ್ದು ತೂತಿನ ನೇರ ಕೆಳಗಿನ ಜಾಗದಿಂದ, ಕೋಲಿನ ಬುಡದಿಂದಲ್ಲ. 23ರಂದು ಮೋಡವಿದ್ದರೆ ಮರುದಿನ ಮಾಡಿ, ಬಂದ ಉದ್ದದಲ್ಲಿ ದಿನಕ್ಕೆ 7 ಮಿ.ಮೀ.ನಂತೆ ಕಳೆಯಿರಿ.